ವರ್ಷಕ್ಕೊಂದು ದಿನದ ಪೆದ್ದುತನ

ಕ್ವಾರಿ ಸಾಲು, ಹೇಗ್‌ಬ್ರಿಜ್
ವೆಸ್ಟ್ ಯಾರ್ಕ್‌ಷೈರ್
ನವೆಂಬರ್ ೧೩, ಗುರುವಾರ

ನಮ್ಮ ಜೋಯೆಲ್‌ಗೆ,

ಹೇಗಿದ್ದೀಯ? ಮಾತಿಗೆ ಕೇಳುತ್ತಿಲ್ಲ, ನಿಜವಾಗಿಯೇ ಕೇಳುತ್ತಿದ್ದೇನೆ. ಬೆಳಕು ಕಣ್ಣಿಗೆ ಚುಚ್ಚುವುದು ನಿಂತಿತೇ? ನಿದ್ದೆ ಬರುತ್ತಿದೆಯೇ? ಕಳೆದ ಭಾನುವಾರ ಫೋನಿನಲ್ಲಿ ನಿಮ್ಮ ಪಕ್ಕದ ಮನೆಯ ನಾಯಿ ಈಜುಕೊಳಕ್ಕೆ ಬಿದ್ದ ಕಥೆ ಹೇಳಿದೆ. ಅಮ್ಮ ನಕ್ಕಳು. ಹತ್ತು ನಿಮಿಷ ಬಿಟ್ಟು ಅದೇ ಕಥೆಯನ್ನು ಮೊದಲಿನಿಂದ ಹೇಳಿದೆ. ಅಮ್ಮ ಮತ್ತೆ ಅಷ್ಟೇ ಜೋರಾಗಿ ನಕ್ಕಳು. ಎರಡನೇ ಸಲ ನಗುವುದು ಅವಳಿಗೆ ಈಗ ಅಭ್ಯಾಸವಾಗಿಬಿಟ್ಟಿದೆ. ನಾನು ನಗಲಿಲ್ಲ, ನೀನು ಅದನ್ನು ಗಮನಿಸಲಿಲ್ಲ. ಇಲ್ಲಿ ನಾವು ಇದ್ದೇವೆ. ಅಮ್ಮನ ಮಂಡಿನೋವು ಚಳಿಗೆ ಹೆಚ್ಚಾಗಿದೆ. ನನಗೆ ಹೊಸ ಕೆಲಸ ಸಿಕ್ಕಿದೆ, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ. ಶಾಲೆ ಬಿಟ್ಟ ಮೇಲೆ ಇದು ಐದನೆಯದು. ಆರನೆಯದು ಯಾವಾಗ ಎಂದು ಅಮ್ಮ ಆಗಲೇ ಕೇಳುತ್ತಿದ್ದಾಳೆ. ಪ್ರತಿ ಗುರುವಾರ ರಜೆ, ಅದಕ್ಕೇ ಇವತ್ತು ಕೂತಿದ್ದೇನೆ.

ಫೋನ್ ಬಿಟ್ಟು ಕಾಗದ ಯಾಕೆ ಎಂದುಕೊಳ್ಳುತ್ತೀಯ. ಫೋನಿನಲ್ಲಾದರೆ ನೀನು "ಆಯ್ತು ಬಿಡೇ ಬ್ರಯನಿ" ಎಂದು ನಗುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಕಾಗದಕ್ಕೆ ಹಾಗೆ ಹೇಳಲಾಗುವುದಿಲ್ಲ. ವಿಷಯ ಇಷ್ಟೇ. ಡಿಸೆಂಬರ್ ಎರಡನೇ ತಾರೀಕು ನಿನ್ನ ಕ್ಲಬ್ಬಿನಲ್ಲಿ ಎಲ್ಲರಿಗೂ ತಲೆಯ ಪರೀಕ್ಷೆ. ಅಲ್ಲಿ ನೀನು ಏನು ಮಾಡುತ್ತೀಯೆಂದು ನನಗೆ ಗೊತ್ತು, ಅದನ್ನು ಕಲಿಸಿದ ಅಡುಗೆಮನೆಯಲ್ಲಿ ನಾನೂ ಇದ್ದೆ. ಈ ಸಲ ಅದನ್ನು ಮಾಡಬೇಡ ಎಂದು ಕೇಳುವುದಕ್ಕೆ ಬರೆಯುತ್ತಿದ್ದೇನೆ. ಅದಕ್ಕಿಂತ ಕಷ್ಟದ ಇನ್ನೊಂದು ಕೆಲಸವೂ ಇದೆ. ಅದನ್ನು ಹೇಳುವ ಮೊದಲು ಅಪ್ಪನ ವಿಷಯ ಹೇಳಬೇಕು.

ನಾವು ಫೋನಿನಲ್ಲಿ ಹೇಳಿದ್ದೆಲ್ಲ ಅರ್ಧ ಸುಳ್ಳು. ಸೆಪ್ಟೆಂಬರಿನಲ್ಲಿ ಹದಿನಾರರೊಳಗಿನ ಹುಡುಗರ ರಗ್ಬಿ ಪಂದ್ಯವಿತ್ತು, ಮೇಲಿನ ಮೈದಾನದಲ್ಲಿ, ಕಲ್ಲುಗಣಿ ಕಡೆಯಿಂದ ಗಾಳಿ ಹೊಡೆಯುವಲ್ಲಿ. ಅರ್ಧ ವಿರಾಮದಲ್ಲಿ ಅಪ್ಪ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಭಾಷಣ ಮಾಡಿದ. ಒಳ್ಳೆಯ ಭಾಷಣವೇ. ಮುಗಿಸಿದ, ನೀರು ಕುಡಿದ, ಮತ್ತೆ ಮೊದಲಿನಿಂದ ಶುರು ಮಾಡಿದ. ಹುಡುಗರು ತಮಾಷೆ ಎಂದುಕೊಂಡರು. ಒಬ್ಬ ಬೆನ್ನ ಹಿಂದೆ ನಿಂತು ಅಪ್ಪನ ಜೊತೆಜೊತೆಗೇ ಅದೇ ಮಾತು ಆಡಿದ, ಉಳಿದವರು ಬಿದ್ದುಬಿದ್ದು ನಕ್ಕರು. ಮೂರನೇ ಸಲ ಶುರುವಾದಾಗ ಯಾರೂ ನಗಲಿಲ್ಲ. ರೆಫರಿ ಸೀಟಿ ಊದಿದ, ಅಪ್ಪ ನಿಲ್ಲಿಸಲಿಲ್ಲ. ಕೊನೆಗೆ ಆ ಅಣಕಿಸಿದ ಹುಡುಗನೇ ಅಪ್ಪನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದನಂತೆ. ಆ ವಾರವೇ ಊರಿನ ಕ್ಲಬ್ಬಿನ ಕಮಿಟಿಯವರು ಮನೆಗೆ ಬಂದು, ಚಹಾ ಕುಡಿದು, ಹವಾಮಾನದ ಬಗ್ಗೆ ಅರ್ಧ ಗಂಟೆ ಮಾತಾಡಿ, ಬಾಗಿಲಲ್ಲಿ ಬೂಟು ಮೆಟ್ಟುವಷ್ಟು ಹೊತ್ತಿನಲ್ಲಿ, ಡಾಕ್ಟರ ಕಾಗದ ಒಂದು ತಂದುಕೊಡಿ, ಸರಿಯಿದ್ದಾನೆ ಅಂತಲೋ ಇಲ್ಲ ಅಂತಲೋ, ಎಂದು ಹೇಳಿ ಹೋದರು. ಅಲ್ಲಿಯವರೆಗೆ ಹುಡುಗರ ಮಿನಿಬಸ್ಸಿನ ಕೀಲಿಯನ್ನೂ ತೆಗೆದುಕೊಂಡು ಹೋದರು.

ನಿನಗೆ ಅಪ್ಪ ಗೊತ್ತು, ಆದರೆ ನೀನು ಆರು ವರ್ಷದಿಂದ ಭೂಮಿಯ ಇನ್ನೊಂದು ಬದಿಯಲ್ಲಿ ಆಡುತ್ತಾ ದೂರವಿದ್ದೀಯ. ಅಲ್ಲಿ ಕೂತು ಯೋಚಿಸುವಾಗ ಅಪ್ಪ ನಿನಗೆ ಗೋಡೆಯ ಮೇಲಿನ ಚಿತ್ರದ ಹಾಗೆ ಕಾಣುತ್ತಿರಬಹುದು. ಹದಿನೇಳಕ್ಕೆ ಕಾರ್ಪೆಟ್ ಗಿರಣಿಯ ಕೆಲಸ ಬಿಡದೆಯೇ ಕ್ಲಬ್ಬಿಗೆ ಸಹಿ ಹಾಕಿದವನು, ಮೊದಲ ಪಂದ್ಯದ ದಿನವೂ ಬೆಳಗಿನ ಪಾಳಿ ಮುಗಿಸಿ ಹೋದವನು. ಮೈಗೆ ಮೈ ಡಿಕ್ಕಿ ಹೊಡೆಯುವ ಎರಡನೇ ಸಾಲಿನಲ್ಲಿ ಇಪ್ಪತ್ಮೂರು ವರ್ಷ. ನಾಲ್ಕುನೂರ ಹನ್ನೆರಡು ಪಂದ್ಯ. ಪಂದ್ಯಕ್ಕೆ ನಲವತ್ತು ಜನರನ್ನು ಹಿಡಿದು ಕೆಡವುತ್ತಿದ್ದ ಎಂದು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನಾನು ಲೆಕ್ಕದಲ್ಲಿ ಫೇಲಾದವಳು, ಆದರೂ ಮೊನ್ನೆ ಗುಣಿಸಿ ನೋಡಿದೆ. ಹದಿನಾರು ಸಾವಿರ ಸಲ ಅಪ್ಪನ ತಲೆ ಯಾವುದಾದರೂ ಸೊಂಟಕ್ಕೋ ಮಂಡಿಗೋ ನೆಲಕ್ಕೋ ಬಡಿದಿದೆ. ದೇಶದ ತಂಡಕ್ಕೆ ಒಮ್ಮೆ ಕರೆ ಬಂದಿತ್ತು, ಮೀಸಲು ಬೆಂಚಿನಲ್ಲಿ ಕೂತು ಬಂದ. ಕಪ್ಪಿನ ಸೆಮಿಫೈನಲ್ ಒಮ್ಮೆ ಆಡಿದ, ಅದರಲ್ಲಿ ದವಡೆ ಮುರಿದುಕೊಂಡು ಕೊನೆಯವರೆಗೂ ಆಡಿದ, ತಂಡ ಸೋತಿತು. ಕೊನೆಯ ನಾಲ್ಕು ವರ್ಷ ಕೆಳಗಿನ ದರ್ಜೆಯಲ್ಲಿ ತಾನೇ ಆಟಗಾರ, ತಾನೇ ಕೋಚ್. ಆ ತಂಡವನ್ನು ಒಂದು ದರ್ಜೆ ಮೇಲಕ್ಕೆ ತಂದ. ಅದಾದ ಎರಡೇ ವರ್ಷಕ್ಕೆ ಒಂದು ಸೋಮವಾರ ಬೆಳಿಗ್ಗೆ ಫೋನಿನಲ್ಲಿ ತೆಗೆದುಹಾಕಿದರು. ಫೋನ್ ಬಂದಾಗ ಅಪ್ಪ ನನ್ನ ಶಾಲೆಯ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಒಂದು ಬೂಟು ಮುಗಿದಿತ್ತು. ಎರಡನೆಯದನ್ನೂ ಮುಗಿಸಿಯೇ ಎದ್ದ. ಆಮೇಲೆ ಬೇರೆಯವರ ಕೈಕೆಳಗಿನ ಕೋಚ್, ಆಮೇಲೆ ಊರಿನ ಹುಡುಗರ ಕೋಚ್. ಮೊದಲ ಪಂದ್ಯ ಆಡಿದ ಕ್ರಮದಲ್ಲಿ ಕ್ಲಬ್ಬು ಪ್ರತಿಯೊಬ್ಬನಿಗೂ ಒಂದು ಸಂಖ್ಯೆ ಕೊಡುತ್ತದಲ್ಲ, ಅಪ್ಪನದು ೮೭೧. ಅದು ಮಾತ್ರ ಈಗಲೂ ಮರೆತಿಲ್ಲ. ಬ್ಯಾಂಕಿನವರು ಗುಪ್ತಸಂಖ್ಯೆ ಕೇಳಿದರೆ ಅದನ್ನೇ ಹೇಳುತ್ತಾನೆ.

ಕಂಪ್ಯೂಟರಿನ ತಲೆ ಪರೀಕ್ಷೆ ಮೊದಲು ಬಂದದ್ದು ಅಪ್ಪನ ಕೊನೆಯ ಎರಡು ವರ್ಷಗಳಲ್ಲಿ. ಋತು ಶುರುವಾಗುವ ಮೊದಲು ಎಲ್ಲರೂ ಕೂತು ಪದಗಳನ್ನು ನೆನಪಿಟ್ಟು ಹೇಳಬೇಕು, ಅಂಕಿಗಳನ್ನು ಹಿಂದುಮುಂದಾಗಿ ಹೇಳಬೇಕು, ಒಂಟಿಕಾಲಲ್ಲಿ ನಿಲ್ಲಬೇಕು. ಆ ಅಂಕ ಬರೆದಿಡುತ್ತಾರೆ. ಆಟದಲ್ಲಿ ಪೆಟ್ಟು ಬಿದ್ದಾಗ ಅದೇ ಪರೀಕ್ಷೆ ಮತ್ತೆ. ಅಂಕ ಇಳಿದಿದ್ದರೆ ಹೊರಗೆ ಕೂರಿಸುತ್ತಾರೆ. ಅಪ್ಪನಿಗೆ ದಾರಿ ಕಾಣಲು ಒಂದು ಸಂಜೆ ಸಾಕಾಯಿತು. ಮೊದಲ ದಿನವೇ ಬೇಕೆಂದು ಕಡಿಮೆ ಅಂಕ ತೆಗೆದರೆ ಆಮೇಲೆ ಇಳಿಯುವ ಮಾತೇ ಇಲ್ಲ. "ಇವತ್ತೊಂದು ದಿನ ಪೆದ್ದರಾಗ್ರೋ, ವರ್ಷಪೂರ್ತಿ ಆಡ್ತೀರ" ಎಂದು ತಂಡಕ್ಕೆಲ್ಲ ಹೇಳಿಕೊಟ್ಟ. ತೀರಾ ಪೆದ್ದರಾದರೆ ಡಾಕ್ಟರಿಗೆ ಅನುಮಾನ ಬರುತ್ತದೆ, ಅದಕ್ಕೆ ಎಷ್ಟು ತಪ್ಪಬೇಕು ಎಂದೂ ಅಭ್ಯಾಸ ಬೇಕು. ಆ ಅಭ್ಯಾಸ ನಡೆದದ್ದು ನಮ್ಮ ಅಡುಗೆಮನೆಯ ಮೇಜಿನ ಮೇಲೆ. ನನಗೆ ಏಳು ವರ್ಷ. ಪದಗಳನ್ನು ಓದಿ ಹೇಳುವ ಕೆಲಸ ನನ್ನದು, ಮೊಟ್ಟೆ ಬೇಯಿಸುವ ಗಡಿಯಾರ ನೋಡುವುದು ನಿನ್ನದು. ಅಪ್ಪನಿಗೆ ಹತ್ತಕ್ಕೆ ಹತ್ತೂ ನೆನಪಿರುತ್ತಿದ್ದವು. ಹತ್ತನ್ನೂ ಒಮ್ಮೆ ಗಡಗಡ ಹೇಳಿ ನನಗೆ ಕಣ್ಣು ಹೊಡೆದು, ಆಮೇಲೆ ಹಣೆ ಉಜ್ಜಿಕೊಳ್ಳುತ್ತಾ ಆರೇ ಹೇಳುತ್ತಿದ್ದ. ನಾನು ನಕ್ಕೂ ನಕ್ಕೂ ಕುರ್ಚಿಯಿಂದ ಜಾರುತ್ತಿದ್ದೆ. ನಮ್ಮ ಮನೆಯಲ್ಲಿ ಪರೀಕ್ಷೆಗಳಲ್ಲಿ ನಿಜವಾಗಿ ಪೆದ್ದಳಾದವಳು ನಾನೊಬ್ಬಳೇ. ನನಗೆ ಬಂದಷ್ಟೇ ನಾನು ಬರೆದೆ, ಅದೇ ನನ್ನ ತೊಂದರೆ. ನೀನು ಹದಿನೆಂಟಕ್ಕೆ ಸಹಿ ಹಾಕಿದ ವಾರ ಅಪ್ಪ ನಿನ್ನನ್ನೂ ಅದೇ ಕುರ್ಚಿಯಲ್ಲಿ ಕೂರಿಸಿದ. ಆಗ ಪದ ಓದಲು ನನ್ನನ್ನು ಕರೆದಾಗ ನಾನು ಬರಲಿಲ್ಲ, ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ. ತಡೆಯಲೂ ಇಲ್ಲ.

ಹೋದ ತಿಂಗಳು ಅಪ್ಪನನ್ನು ನೆನಪಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರ್ ಆಲ್ಡರ್ಸ್ಲಿ ಎಂಬ ಹೆಂಗಸು, ನಿಧಾನವಾಗಿ ಮಾತಾಡುವವಳು. ತಲೆಯ ಚಿತ್ರ ತೆಗೆದರು, ಅದರಿಂದ ಖಚಿತವಾಗಿ ಹೇಳುವಂತಿಲ್ಲ ಎಂದರು. ಎರಡು ಗಂಟೆ ಪ್ರಶ್ನೆ ಕೇಳಿದರು. ಅಪ್ಪ ಒಳ್ಳೆಯ ಅಂಗಿ ಹಾಕಿಕೊಂಡು, ಹಳೆಯ ಕ್ಲಬ್ಬಿನಿಂದ ತರಿಸಿದ ತನ್ನ ಪರೀಕ್ಷೆಯ ಕಾಗದಗಳನ್ನು ಕಂಕುಳಲ್ಲಿಟ್ಟುಕೊಂಡು ಹೋಗಿದ್ದ. ಅವನ್ನು ತರುವ ಉಪಾಯ ಅವನದೇ. ಡಾಕ್ಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಹನ್ನೆರಡು ವರ್ಷದ ಹಿಂದಿನ ಅಂಕಕ್ಕೂ ಅವತ್ತಿನದಕ್ಕೂ ಎರಡೇ ಅಂಕದ ವ್ಯತ್ಯಾಸ. ಮೊದಲಿನಿಂದಲೂ ನೆನಪು ಸ್ವಲ್ಪ ದುರ್ಬಲವಿದ್ದಿರಬೇಕು, ಮನಸ್ಸು ಕುಗ್ಗಿರುವುದರಿಂದ ಈಗ ಹೆಚ್ಚು ಕಾಣುತ್ತಿದೆ, ಒಂದು ವರ್ಷ ಬಿಟ್ಟು ನೋಡೋಣ ಎಂದಳು. "ಒಳ್ಳೇ ಸುದ್ದಿ ಅಂತಾನೇ ತಿಳ್ಕೊಳ್ಳಿ, ಮಿಸ್ಟರ್ ಗಾರ್ಸೈಡ್." ಅಮ್ಮ ಅಳಲು ಶುರು ಮಾಡಿದಳು. ಅಪ್ಪ ಎದ್ದು ಡಾಕ್ಟರ ಕೈ ಕುಲುಕಿದ, ಪಂದ್ಯ ಮುಗಿದ ಮೇಲೆ ರೆಫರಿಯ ಕೈ ಕುಲುಕುತ್ತಿದ್ದ ಹಾಗೆ.

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆಗಲಿಲ್ಲ. ಆ ಹಳೆಯ ಅಂಕ ಸುಳ್ಳು, ಬೇಕೆಂದೇ ಕಡಿಮೆ ತೆಗೆದದ್ದು, ಪದ ಓದಿಕೊಟ್ಟವಳು ನಾನೇ ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ. ಅಪ್ಪ ನನ್ನ ಕಡೆ ತಿರುಗಿದ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಅವನ ಮುಖದಲ್ಲಿದ್ದದ್ದು ನೋವು. "ನಾನು ಜೀವಮಾನದಲ್ಲಿ ಮೋಸ ಮಾಡ್ದೋನಲ್ಲ ಡಾಕ್ಟ್ರೇ. ಇವಳ ಬಾಯೇ ಹೀಗೆ, ಬೇಜಾರು ಮಾಡ್ಕೋಬೇಡಿ" ಎಂದ. ಅಪ್ಪ ಸುಳ್ಳು ಹೇಳುತ್ತಿರಲಿಲ್ಲ, ಜೋಯೆಲ್. ಸುಳ್ಳು ಹೇಳುವಾಗ ಅವನು ಹಣೆ ಉಜ್ಜಿಕೊಳ್ಳುತ್ತಾನೆ, ನಿನಗೂ ಗೊತ್ತು. ಅವತ್ತು ಉಜ್ಜಿಕೊಳ್ಳಲಿಲ್ಲ. ತಾನು ಆ ಆಟ ಹೂಡಿದ್ದನ್ನೇ ಮರೆತಿದ್ದಾನೆ. ಆ ಅಂಕ ತನ್ನದೇ, ತಾನು ಯಾವಾಗಲೂ ಅಷ್ಟೇ ಇದ್ದವನು ಎಂದು ಈಗ ನಂಬಿದ್ದಾನೆ. ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ಏಳು ವರ್ಷದ ಮಗುವಿನ ನೆನಪನ್ನು ನೆಚ್ಚಿ ತಾನು ಏನೂ ಬರೆಯಲಾರೆ, ಅವರ ಜೊತೆ ಆಡಿದವರೋ ಅವರಿಂದ ಕಲಿತವರೋ ಯಾರಾದರೂ ಬರೆದುಕೊಟ್ಟರೆ ಹಳೆಯ ಅಂಕ ಬದಿಗಿಟ್ಟು ಮತ್ತೆ ನೋಡುತ್ತೇನೆ ಎಂದಳು.

ಥ್ರೆಲ್‌ಫಾಲ್ ಮಾವನ ಹತ್ತಿರ ಹೋದೆ. ಅಪ್ಪನ ಪಕ್ಕದಲ್ಲೇ ಹದಿಮೂರು ವರ್ಷ ಆಡಿದವನು, ಅಪ್ಪನ ಪಾಠ ಕೇಳಿ ಪೆದ್ದನಾದವರಲ್ಲಿ ಮೊದಲನೆಯವನು. ಷೆಡ್ಡಿನಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ. ಎಲ್ಲವನ್ನೂ ಕೇಳಿದ. ಅವನ ಕೈಯೂ ನಡುಗುತ್ತದೆ ಈಗ, ಕಾಳು ಡಬ್ಬಿಯ ಹೊರಗೇ ಹೆಚ್ಚು ಬಿತ್ತು. "ನಿಮ್ಮಪ್ಪ ನನ್ನ ಕ್ಯಾಪ್ಟನ್ ಕಣಮ್ಮಾ. ಅವನು ಮೋಸಗಾರ ಅಂತ ನನ್ನ ಕೈಲಿ ಬರೆಸ್ತೀಯಾ? ಬೇರೆ ಏನಾದ್ರೂ ಕೇಳು, ಕಿಡ್ನಿ ಬೇಕಾ, ಕೊಡ್ತೀನಿ" ಎಂದ. ಇನ್ನಿಬ್ಬರನ್ನು ಕೇಳಿದೆ. ಒಬ್ಬ ಬಾಗಿಲು ತೆರೆಯಲಿಲ್ಲ. ಇನ್ನೊಬ್ಬ ಈಗ ತಾನೂ ಕೋಚ್ ಆಗಿರುವವನು, ನಕ್ಕು, ನನಗೆ ಪೈ ಕೊಡಿಸಿ ಕಳಿಸಿದ. ಬಟಾಣಿಯನ್ನೂ ಹಾಕಿಸಿದ. ಅಮ್ಮನಂತೂ ನನ್ನ ಜೊತೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಇಸ್ತ್ರಿ ಮಾಡುತ್ತಾ, ನನ್ನ ಮುಖ ನೋಡದೆ, "ಎರಡು ವರ್ಷದಲ್ಲಿ ಒಂದೇ ಒಂದು ಒಳ್ಳೇ ಸುದ್ದಿ ಬಂತು. ಅದನ್ನೂ ಕಿತ್ಕೋಬೇಡ್ವೇ" ಎಂದಳು. ಕಮಿಟಿಯವರಿಗೆ ಡಾಕ್ಟರ ಕಾಗದ ತಲುಪಿದೆ. ಅವರಿಗೂ ಸಂತೋಷ. ಮಿನಿಬಸ್ಸಿನ ಕೀಲಿ ವಾಪಸ್ಸು ಬಂದಿದೆ. ನಾಡಿದ್ದು ಶನಿವಾರ ಹನ್ನೊಂದು ಹುಡುಗರನ್ನು ಕೂರಿಸಿಕೊಂಡು ಬೆಟ್ಟದ ದಾರಿಯಲ್ಲಿ ಅಪ್ಪನೇ ಓಡಿಸುತ್ತಾನೆ.

ಈಗ ನಿನ್ನ ಸರದಿ. ಜೂನ್ ತಿಂಗಳಲ್ಲಿ ನಿನ್ನ ಪಂದ್ಯವನ್ನು ನಾನು ಬೆಳಗಿನ ತಿಂಡಿ ತಿನ್ನುತ್ತಾ ನೋಡುತ್ತಿದ್ದೆ. ಯಾರದೋ ಮೊಣಕೈ ನಿನ್ನ ಕಪಾಳಕ್ಕೆ ಬಡಿಯಿತು. ನೀನು ಎದ್ದೆ, ನಡೆದು ಹೋಗಿ ಎದುರಾಳಿಗಳ ಸಾಲಿನಲ್ಲಿ ನಿಂತೆ. ಅವರಲ್ಲೊಬ್ಬ ನಿನ್ನ ಭುಜ ಹಿಡಿದು ತಿರುಗಿಸಿ ಕಳಿಸಿದ. ಒಳಗೆ ಕರೆದುಕೊಂಡು ಹೋದರು, ಕಾಲು ಗಂಟೆಯಲ್ಲಿ ಪರೀಕ್ಷೆ ಪಾಸಾಗಿ ವಾಪಸ್ಸು ಬಂದೆ. ಟೀವಿಯವನು ನಿನ್ನನ್ನು ಹೊಗಳಿದ. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ. ನಾನು ಬಟ್ಟಲನ್ನು ಸಿಂಕಿನಲ್ಲಿಟ್ಟು ಹಿತ್ತಲಿಗೆ ಹೋದೆ. ಆ ಋತುವಿನಲ್ಲಿ ಅದು ಮೂರನೆಯದು, ನಾನು ನೋಡಿದ್ದು. ನೋಡದೆ ಇದ್ದದ್ದು ಎಷ್ಟೋ.

ನಾನು ಕೇಳುವುದು ಇಷ್ಟು. ಡಾಕ್ಟರ್ ಆಲ್ಡರ್ಸ್ಲಿಗೆ ಎರಡು ಸಾಲು ಬರೆ: "ಅಪ್ಪ ಬೇಕೆಂದೇ ಕಡಿಮೆ ಅಂಕ ತೆಗೆದದ್ದು ನಿಜ, ನನಗೂ ಅದನ್ನೇ ಕಲಿಸಿದ್ದು ನಿಜ." ಹಾಗೆ ಬರೆದರೆ ನಿನ್ನ ಅಂಕವೂ ಸುಳ್ಳೆಂದು ನೀನೇ ಒಪ್ಪಿದಂತೆ. ನಿನ್ನ ಕ್ಲಬ್ಬಿಗೆ ಗೊತ್ತಾದರೆ ಹೊಸ ಪರೀಕ್ಷೆ ಮಾಡುತ್ತಾರೆ, ಅದರಲ್ಲಿ ಏನು ಬರುತ್ತದೋ ಎಂಬ ಹೆದರಿಕೆ ನನಗೆ ಎಷ್ಟಿದೆಯೋ ನಿನಗೆ ಅದಕ್ಕಿಂತ ಹೆಚ್ಚಿದೆ. ಎರಡು ವರ್ಷದ ಒಪ್ಪಂದ ಹೋಗಬಹುದು. ನಿನಗೆ ಬೇರೆ ಕೆಲಸ ಬರುವುದಿಲ್ಲ, ನಾನು ನಿನ್ನ ತಂಗಿ, ನನಗೆ ಗೊತ್ತು. ಕೆಲಸಗಳನ್ನು ಬಿಡುವುದರಲ್ಲಿ ನನಗಿರುವ ಅನುಭವ ನಿನಗಿಲ್ಲ.

ಇದರಿಂದ ಒಳ್ಳೆಯದಾಗುತ್ತದೆ ಎಂದು ಹೇಳಿ ನಿನ್ನನ್ನು ಪುಸಲಾಯಿಸುವುದಿಲ್ಲ. ಡಾಕ್ಟರನ್ನು ನಾನು ನೇರವಾಗಿ ಕೇಳಿದೆ: ರೋಗದ ಹೆಸರು ಗೊತ್ತಾದರೆ ಗುಣವಾಗುತ್ತದೆಯೇ? ಇಲ್ಲ ಎಂದಳು. ನಿಧಾನವಾದರೂ ಆಗುತ್ತದೆಯೇ? ಅದಕ್ಕೂ ಇಲ್ಲ ಎಂದಳು. ಹಾಗಾದರೆ ನಾವು ಪಡೆಯುವುದು ಒಂದು ಹೆಸರು, ಕಳೆದುಕೊಳ್ಳುವುದು ಮಿನಿಬಸ್ಸಿನ ಕೀಲಿ, ಅಮ್ಮನ ಒಂದು ಒಳ್ಳೆಯ ಸುದ್ದಿ, ಮತ್ತು ನಿನ್ನ ಆಟ. ಅಪ್ಪನ ಹೆಸರೂ ಹೋಗುತ್ತದೆ. ಇಷ್ಟೆಲ್ಲ ಬರೆದ ಮೇಲೂ ನೀನು ಬರೆಯುವುದಿಲ್ಲ ಎಂದೇ ನನಗನಿಸುತ್ತದೆ. ಕಾಗದ ಮಡಚಿ ಡ್ರಾಯರಿನಲ್ಲಿ ಇಡುತ್ತೀಯ, ಎರಡನೇ ತಾರೀಕು ಕಂಪ್ಯೂಟರ್ ಮುಂದೆ ಕೂತು ಹಣೆ ಉಜ್ಜಿಕೊಳ್ಳುತ್ತೀಯ. ಇನ್ನೊಂದು ಯೋಚನೆಯೂ ನನಗೆ ಬರುತ್ತದೆ. ಈ ಸಲ ನೀನು ಬೇಕೆಂದು ತಪ್ಪಬೇಕಾಗಿಯೇ ಇಲ್ಲವೇನೋ. ಆರು ಪದ ಹೇಳಿ, ಏಳನೆಯದನ್ನು ನಿಜವಾಗಿಯೂ ಹುಡುಕುತ್ತಾ ಕೂರುತ್ತೀಯೇನೋ. ಆಗ ಅದು ನಿನಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಒಬ್ಬನೇ ಇರುವಾಗ ಒಮ್ಮೆ ಹತ್ತನ್ನೂ ಹೇಳಿ ನೋಡು. ನಾನು ಕೇಳುವ ಎಲ್ಲದರಲ್ಲಿ ಇದೊಂದನ್ನಾದರೂ ಮಾಡು.

ಅಮ್ಮ ಪಾರ್ಕಿನ್ ಕೇಕ್ ಮಾಡಿದ್ದಳು, ನಿನ್ನ ಪಾಲನ್ನು ಅಪ್ಪ ತಿಂದ. ಎರಡು ಸಲ ತಿಂದ. ಎಲ್ಲರೂ ನಿನ್ನನ್ನು ಕೇಳಿದರು ಎಂದು ಬರೆಯುವುದು ವಾಡಿಕೆ, ಆದರೆ ಕೇಳಿದವರು ಥ್ರೆಲ್‌ಫಾಲ್ ಮಾವ ಮತ್ತು ಚಿಪ್ಸ್ ಅಂಗಡಿಯ ಮಾರ್ಲೀನ್ ಇಬ್ಬರೇ. ಬಿಸಿಲಲ್ಲಿ ಟೋಪಿ ಇಲ್ಲದೆ ಓಡಾಡಬೇಡ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ನಿನ್ನ ತಂಗಿ,
ಬ್ರಯನಿ

ಮರೆತ ಮಾತು: ಬೇಗ ಬೇಗ ಬರೆಯುತ್ತಿದ್ದೇನೆ, ಇನ್ನು ಮುಕ್ಕಾಲು ಗಂಟೆಯಲ್ಲಿ ಅಂಚೆ ಡಬ್ಬಿ ಖಾಲಿ ಮಾಡುತ್ತಾರೆ. ಈಗ ತಾನೇ ಅಪ್ಪ ಒಳಗೆ ಬಂದ. ಯಾರಿಗೆ ಎಂದು ಕೇಳಿದ, ನಿನಗೆ ಎಂದೆ. "ನಮ್ಮ ಜೋಯೆಲ್‌ಗಾ? ಅವನಿಗೆ ಪರೀಕ್ಷೆ ಹತ್ರ ಬಂತಲ್ವಾ, ಕೊಡಿಲ್ಲಿ" ಎಂದು ಪೆನ್ನು ಕಿತ್ತುಕೊಂಡ. ಈ ಹಾಳೆಯ ಹಿಂದೆ ನೋಡು. ಬಟ್ಟೆ ಬದಲಿಸುವ ಕೋಣೆಯ ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದಪ್ಪ ಅಕ್ಷರ: "ಜೋಯೆಲ್. ಪದಗಳು ಆರಕ್ಕೆ ನಿಲ್ಲಿಸು. ಎಡಗಾಲಲ್ಲಿ ಎರಡು ಸಲ ತೂರಾಡು. ಹೋದ ವರ್ಷ ಮಾಡಿದ ಹಾಗೇ. ನಾನೂ ಹೀಗೇ ಉಳ್ಕೊಂಡೆ. ಅಪ್ಪ." ಬರೆದು ಪೆನ್ನು ಕೊಟ್ಟು, ಊಟಕ್ಕೇನು ಎಂದು ಕೇಳಿದ. ಕ್ಲಿನಿಕ್ಕಿನಲ್ಲಿ ಇಲ್ಲದ ನೆನಪು ಎಲ್ಲಿಂದ ಬಂತೋ. ಐದು ನಿಮಿಷ ಬಿಟ್ಟು ಕೇಳಿದೆ, ಯಾವ ಕಾಗದ ಎಂದ.

ನಾನು ಅದರ ಫೋಟೋ ತೆಗೆದು ಡಾಕ್ಟರ್ ಆಲ್ಡರ್ಸ್ಲಿಗೆ ಕಳಿಸಿದ್ದೇನೆ. ನಿನ್ನ ಕ್ಲಬ್ಬಿನ ಡಾಕ್ಟರಿಗೂ ಕಳಿಸಿದ್ದೇನೆ, ವಿಳಾಸ ಅವರ ವೆಬ್‌ಸೈಟಿನಲ್ಲೇ ಇತ್ತು. ನಿನ್ನ ಹೆಸರಿರುವ ಮೇಲಿನ ಅಂಚನ್ನು ಮೊದಲು ಹಿಂದಕ್ಕೆ ಮಡಚಿದ್ದೆ. ಆಮೇಲೆ ಬಿಚ್ಚಿ, ಹೆಸರು ಕಾಣುವ ಹಾಗೆಯೇ ಫೋಟೋ ತೆಗೆದೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ಅವರು ನಿನ್ನನ್ನು ಕರೆದಿರುತ್ತಾರೆ. ನೀನು ಏನು ಬೇಕಾದರೂ ಹೇಳಿಕೋ, ನನ್ನನ್ನು ಕೇಳಿದರೆ ನಾನು ನಿಜವನ್ನೇ ಹೇಳುತ್ತೇನೆ. ಈ ಹಾಳೆಯನ್ನು ಸಿಟ್ಟಿನಲ್ಲಿ ಹರಿಯಬೇಡ. ನನ್ನ ಬರಹ ಹೋದರೆ ಹೋಗಲಿ. ಹಿಂದಿರುವುದು ಅಪ್ಪ ತನ್ನ ಕೈಯಾರೆ ನಿನಗೆ ಬರೆದದ್ದು, ಇನ್ನೊಂದು ಬರೆಯುತ್ತಾನೆ ಎಂದು ನನಗನಿಸುವುದಿಲ್ಲ.